ಮೊದಲ ಬಾಡಿಗೆ ಮನೆಗೆ ಯಾರ ಜಾಮೀನು?

ಹುಬ್ಬಳ್ಳಿ ಕಡೆಯ ರೈಲಿನಲ್ಲೋ ಅನಮೋಡ ಘಾಟಿ ಇಳಿದು ಬರುವ ಬಸ್ಸಿನಲ್ಲೋ ಗೋವಾಕ್ಕೆ ಬಂದು, ಕೊರ್ತಾಲಿಮ್ ಸುತ್ತಮುತ್ತ ಬದುಕಿನ ಮೊದಲ ಬಾಡಿಗೆ ಮನೆ ಹುಡುಕುವವರಿಗೆ ಬಾಡಿಗೆ ಎಷ್ಟೆಂಬ ಮಾತಿಗೂ ಮುಂಚೆ ಬೇರೆ ಪ್ರಶ್ನೆಗಳು ಎದುರಾಗುತ್ತವೆ. ಇಷ್ಟು ದಿನ ಎಲ್ಲಿದ್ದಿರಿ? ಆ ಮನೆ ಮಾಲೀಕರ ಫೋನ್ ನಂಬರ್ ಕೊಡಿ. ಇಲ್ಲಿ ನಿಮ್ಮನ್ನು ಬಲ್ಲವರು ಯಾರಿದ್ದಾರೆ? ಹೆತ್ತವರ ಮನೆ ಬಿಟ್ಟು ಇದೇ ಮೊದಲು ಹೊರಬಿದ್ದ ಹುಡುಗನಿಗೆ, ಹಾಸ್ಟೆಲಿನಿಂದ ನೇರವಾಗಿ ವೆರ್ಣಾದ ಔಷಧ ಕಾರ್ಖಾನೆಗೆ ಸೇರಿದ ಹುಡುಗಿಗೆ, ಕಟ್ಟಡದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗಿ ವರ್ಷ ದೂಡಿ ಈಗ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕೆಂದಿರುವ ಗೌಂಡಿಗೆ ‘ಹಿಂದಿನ ಮಾಲೀಕ’ ಎಂಬೊಬ್ಬ ಮನುಷ್ಯನೇ ಇಲ್ಲ. ಇಲ್ಲದವನ ಮಾತನ್ನು ತರಲು ಹೇಳಿದರೆ ಅವರು ಎಲ್ಲಿಂದ ತಂದಾರು? ಈ ಪದ್ಧತಿ ಹೊಸಬರಿಗೆ ಅನ್ಯಾಯ ಮಾಡುತ್ತದೆ, ಮಾಲೀಕರಿಗೂ ಹೇಳಿಕೊಳ್ಳುವಂಥ ರಕ್ಷಣೆ ಕೊಡುವುದಿಲ್ಲ. ಮನುಷ್ಯರ ಜಾಮೀನಿನ ಜಾಗಕ್ಕೆ ತಿಂಗಳ ರಸೀದಿ ಮತ್ತು ಲಿಖಿತ ಕರಾರು ಬರಬೇಕು, ಅದನ್ನು ಕೊಡುವ ಹೊಣೆ ಮಾಲೀಕರಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಸ್ಥಳೀಯರು ಕುಠ್ಠಾಳಿ ಎನ್ನುವ ಕೊರ್ತಾಲಿಮ್ ಜುವಾರಿ ನದಿಯ ದಕ್ಷಿಣ ದಂಡೆಯ ಊರು. ಪಣಜಿಯಿಂದ ಬರುವ ಹೆದ್ದಾರಿ ಸೇತುವೆ ದಾಟಿದ ಮೇಲೆ ಇಲ್ಲಿ ಕವಲೊಡೆದು, ಒಂದು ದಾರಿ ವೆರ್ಣಾ ಮೂಲಕ ಮಡಗಾಂವಿಗೂ ಇನ್ನೊಂದು ಸಾಂಕವಾಳ, ಜುವಾರಿನಗರ, ದಾಬೋಳಿ ದಾಟಿ ವಾಸ್ಕೊಗೂ ಹೋಗುತ್ತದೆ. ಈ ಎರಡು ದಾರಿಗಳ ಉದ್ದಕ್ಕೂ ದುಡಿಮೆಯಿದೆ. 1973ರಲ್ಲಿ ಶುರುವಾದ ಜುವಾರಿ ಗೊಬ್ಬರ ಕಾರ್ಖಾನೆ, ವೆರ್ಣಾ ಮತ್ತು ಸಾಂಕವಾಳದ ಕೈಗಾರಿಕಾ ವಸಾಹತುಗಳು, ಮುರಗಾಂವ್ ಬಂದರು, ವಿಮಾನ ನಿಲ್ದಾಣ, 2004ರಲ್ಲಿ ಬಂದ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸು, 2022ರ ಡಿಸೆಂಬರಿನಲ್ಲಿ ಮೊದಲ ಭಾಗ ತೆರೆದುಕೊಂಡ ಹೊಸ ಜುವಾರಿ ಸೇತುವೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ರಾಯಚೂರು ಕಡೆಯಿಂದ ‘ಗೋವಾಕ್ಕ ದುಡಿಯಾಕ’ ಬಂದವರು ಈ ಪಟ್ಟಿಯಲ್ಲಿ ಮೂರು ತಲೆಮಾರಿನಿಂದ ಇದ್ದಾರೆ. 2011ರ ಜನಗಣತಿಯಲ್ಲಿ ಗೋವಾದ ಸುಮಾರು 14.58 ಲಕ್ಷ ಜನರ ಪೈಕಿ ಶೇ. 4.6ರ ಆಸುಪಾಸಿನಷ್ಟು ಮಂದಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದ್ದರು. ಅಂದರೆ 67 ಸಾವಿರಕ್ಕೂ ಹೆಚ್ಚು ಜನ. ಮಳೆಗಾಲಕ್ಕೆ ಊರಿಗೆ ಹೋಗಿ ಸುಗ್ಗಿ ಮುಗಿಸಿಕೊಂಡು ಮರಳುವವರು ಆ ಲೆಕ್ಕದಲ್ಲಿ ಎಷ್ಟರಮಟ್ಟಿಗೆ ಸಿಕ್ಕಿರಬಹುದೆಂಬುದು ಬೇರೆ ಮಾತು. ಇಷ್ಟು ಜನರ ವಸತಿಯ ವ್ಯವಹಾರದ ಬಹುಪಾಲು ಬಾಯಿಮಾತಿನಲ್ಲೇ ನಡೆಯುತ್ತದೆ.

ಬಾಯಿಮಾತಿನ ವ್ಯವಹಾರದಲ್ಲಿ ಹಿಂದಿನ ಮಾಲೀಕನ ಮಾತು ಸಿಗದಿದ್ದಾಗ ಅದರ ಜಾಗಕ್ಕೆ ಬರುವುದು ಪರಿಚಯಸ್ಥರ ಜಾಮೀನು. ಊರಿನವರು, ಬೀಗರು, ಜಾತಿಯವರು, ಇವರ್ಯಾರೂ ಇಲ್ಲದಿದ್ದರೆ ಕೆಲಸಕ್ಕೆ ಕರೆತಂದ ಮೇಸ್ತ್ರಿ. ‘ಇವ ನಮ್ಮಾಂವ, ನಾ ಅದೀನಿ’ ಎಂದು ಮೇಸ್ತ್ರಿ ಹೇಳಿದರೆ ರೂಮಿನ ಬಾಗಿಲು ತೆರೆಯುತ್ತದೆ. ಮೇಲ್ನೋಟಕ್ಕೆ ಇದು ಊರಿನವರು ಊರಿನವರಿಗೆ ಮಾಡುವ ಉಪಕಾರ, ಎಷ್ಟೋ ಸಲ ನಿಜವಾಗಿಯೂ ಉಪಕಾರವೇ. ಹೊಸ ಊರಿನ ಮೊದಲ ರಾತ್ರಿಗೆ ಸೂರು ತೋರಿಸಿದವರ ಋಣವನ್ನು ಯಾರೂ ಹಗುರ ಮಾಡಬಾರದು. ಆದರೆ ಜಾಮೀನು ನಿಂತವನೇ ಕೂಲಿ ಬಟವಾಡೆ ಮಾಡುವವನೂ ಆಗಿದ್ದರೆ ಅನ್ನ ಮತ್ತು ಸೂರು ಎರಡೂ ಒಬ್ಬನ ಕೈಯಲ್ಲಿ ಸೇರುತ್ತವೆ. ಎರಡು ವಾರದ ಪಗಾರ ಹಿಡಿದಿಟ್ಟ ಮೇಸ್ತ್ರಿಯನ್ನು ಗಟ್ಟಿಯಾಗಿ ಕೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆಯೇ ರೂಮೂ ಹೋಗುತ್ತದೆ. ಬೇರೆ ಗುತ್ತಿಗೆದಾರನ ಬಳಿ ದಿನಕ್ಕೆ ನೂರು ರೂಪಾಯಿ ಹೆಚ್ಚು ಸಿಗುವುದಿದ್ದರೂ ಮನೆ ಖಾಲಿ ಮಾಡಬೇಕಾದೀತೆಂದು ಆಸಾಮಿ ಹೋಗುವುದಿಲ್ಲ. ಕೂಲಿಯ ಚೌಕಾಸಿಯ ಶಕ್ತಿಯನ್ನೇ ಹೀಗೆ ಕಿತ್ತುಕೊಳ್ಳುವ ವ್ಯವಸ್ಥೆಯನ್ನು ನಂಬಿಕೆಯ ವ್ಯವಹಾರವೆಂದು ಕರೆಯುವುದು ನನಗೆ ಸಾಧ್ಯವಿಲ್ಲ.

ಇನ್ನು ಮಾಲೀಕರ ಕಡೆಯಿಂದ ನೋಡೋಣ. ಅವರಿಗಿರುವ ಆತಂಕಗಳು ಮೂರು: ಬಾಡಿಗೆ ತಿಂಗಳು ತಿಂಗಳು ಬರುತ್ತದೆಯೇ, ಮನೆಯನ್ನು ಹಾಳುಗೆಡವುತ್ತಾರೆಯೇ, ಬಿಡು ಎಂದಾಗ ಬಿಡುತ್ತಾರೆಯೇ. ಮೂರೂ ನ್ಯಾಯವಾದ ಆತಂಕಗಳೇ. ಬ್ಯಾಂಕಿನ ಸಾಲ ಮಾಡಿ ಮನೆಯ ಹಿಂದೆ ಎರಡು ರೂಮು ಕಟ್ಟಿಸಿದ ನಿವೃತ್ತ ನೌಕರರಿಗೆ ಒಂದು ತಿಂಗಳ ಬಾಡಿಗೆ ತಪ್ಪಿದರೂ ಕಂತು ತಪ್ಪುತ್ತದೆ. ಹಿಂದಿನ ಮಾಲೀಕನ ಮಾತಿನಿಂದ ಈ ಮೂರರಲ್ಲಿ ಯಾವುದು ತಿಳಿಯುತ್ತದೆ? ಬಾಡಿಗೆ ಬಾಕಿ ಉಳಿಸಿಕೊಂಡವನನ್ನು ಹೇಗಾದರೂ ಸಾಗಹಾಕಬೇಕೆಂದಿರುವ ಮಾಲೀಕ ಅವನನ್ನು ಬಾಯಿತುಂಬ ಹೊಗಳುತ್ತಾನೆ. ಡಿಪಾಸಿಟ್ ವಾಪಸ್ ಕೊಡಿ ಎಂದು ಪಟ್ಟು ಹಿಡಿದ ಒಳ್ಳೆಯ ಬಾಡಿಗೆದಾರರ ಬಗ್ಗೆ ಅದೇ ಮಾಲೀಕ ‘ಜಗಳಗಂಟರು’ ಎಂದು ಹೇಳಿ ಫೋನ್ ಇಡುತ್ತಾನೆ. ಎರಡೂ ಸಲ ಅವನ ಮಾತಿನಲ್ಲಿ ಅವನ ಹಿತ ಅಡಗಿದೆ. ಜರ್ಮನಿಯಲ್ಲಿ ಬಾಡಿಗೆ ಬಾಕಿಯಿಲ್ಲವೆಂದು ಹಿಂದಿನ ಮಾಲೀಕ ಬರೆದುಕೊಡುವ ಪತ್ರವನ್ನು ಹೊಸ ಮಾಲೀಕರು ಕೇಳುವ ರೂಢಿ ಬಹಳ ದಿನಗಳಿಂದ ಇದೆ. ಇಂಥ ಪತ್ರ ಕೊಡಲೇಬೇಕೆಂದು ಬಾಡಿಗೆದಾರರೊಬ್ಬರು ಮೊಕದ್ದಮೆ ಹೂಡಿದಾಗ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2009ರಲ್ಲಿ ತೀರ್ಪು ಕೊಟ್ಟಿತು: ಪತ್ರ ಕೊಡುವ ಬಾಧ್ಯತೆ ಮಾಲೀಕನಿಗಿಲ್ಲ, ಕಟ್ಟಿದ ಬಾಡಿಗೆಗೆ ರಸೀದಿ ಪಡೆಯುವ ಹಕ್ಕು ಬಾಡಿಗೆದಾರನಿಗಿದೆ. ಬಾಡಿಗೆದಾರ ಆ ಮೊಕದ್ದಮೆ ಸೋತನೆನ್ನುವುದು ನಿಜ. ಆದರೂ ತೀರ್ಪಿನ ತಿರುಳು ನಮಗೆ ಬೇಕಾದದ್ದೇ. ಗುಣನಡತೆಯ ಬಗ್ಗೆ ಇನ್ನೊಬ್ಬರ ಅಭಿಪ್ರಾಯವನ್ನು ಕಾನೂನು ಹುಟ್ಟಿಸಲಾರದು. ಹಣ ಸಂದಾಯವಾಗಿದೆಯೋ ಇಲ್ಲವೋ ಎಂಬುದನ್ನು ಕಾಗದದ ಮೇಲೆ ತರಬಲ್ಲದು.

ಅಭಿಪ್ರಾಯವನ್ನೇ ಅಳತೆಗೋಲು ಮಾಡಿಕೊಂಡರೆ ಅದರ ಹಿಂದೆ ಬೇರೆ ಜರಡಿಗಳು ಸುಲಭವಾಗಿ ಸೇರಿಕೊಳ್ಳುತ್ತವೆ. ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ನಡೆಸಿ 2015ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೇರವಾಗಿಯೇ ಪರೀಕ್ಷಿಸಿತು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿದಾಗ ಮೇಲ್ಜಾತಿಯ ಹೆಸರಿಗೆ ಸಿಕ್ಕ ಸಲೀಸು ದಲಿತರಿಗೆ ಸಿಗಲಿಲ್ಲ, ಮುಸ್ಲಿಮರಿಗಂತೂ ಇನ್ನೂ ಕಡಿಮೆ ಸಿಕ್ಕಿತು. ಮನೆ ಸಿಕ್ಕವರಿಗೂ ಹೆಚ್ಚಿನ ಬಾಡಿಗೆ, ಹೆಚ್ಚಿನ ಷರತ್ತು. ‘ಪರಿಚಯದವರಿಗಷ್ಟೇ ಕೊಡುತ್ತೇವೆ’ ಎಂಬ ಮಾತು ಇಂಥ ನಿರಾಕರಣೆಗೆ ಒಳ್ಳೆಯ ಪರದೆ. ಅಲ್ಲಿ ಯಾರೂ ಜಾತಿ ಕೇಳಬೇಕಾಗಿಲ್ಲ, ಧರ್ಮ ಕೇಳಬೇಕಾಗಿಲ್ಲ. ನಿಮ್ಮವರು ಯಾರಿದ್ದಾರೆಂದು ಕೇಳಿದರೆ ಎರಡೂ ಗೊತ್ತಾಗುತ್ತವೆ. ಬೆಂಗಳೂರಿನಲ್ಲಿ ಒಂಟಿ ಹೆಣ್ಣುಮಕ್ಕಳಿಗೂ ಮದುವೆಯಾಗದ ಗಂಡುಮಕ್ಕಳಿಗೂ ಮಾಂಸಾಹಾರಿಗಳಿಗೂ ಹಾಕುವ ಬೇಲಿ ಇದೇ ಜಾತಿಯದು. ಗೋವಾದಲ್ಲಿ ಅದರ ಜೊತೆಗೆ ‘ಘಾಟಿ’ ಎಂಬ ತಾತ್ಸಾರವೂ ಸೇರುತ್ತದೆ. ಘಟ್ಟ ಇಳಿದು ಬಂದವರೆಲ್ಲ ಒಂದೇ ಗುಂಪು, ಒಬ್ಬನ ತಪ್ಪು ಎಲ್ಲರ ತಪ್ಪು ಎನ್ನುವ ಲೆಕ್ಕ. ಹೀಗೆ ಗುಂಪಿನ ಮೇಲೆ ತೀರ್ಪು ಕೊಡುವಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಕಾಣಿಸಿಕೊಳ್ಳಬೇಕಾದರೆ ಅವರವರ ಕೈಯಲ್ಲಿ ಅವರವರದೇ ಕಾಗದ ಇರಬೇಕು.

ಆ ಕಾಗದ ಅವರ ಬಳಿ ಯಾಕಿಲ್ಲ? ಇಲ್ಲಿಯೇ ಈ ವಿಷಯದ ಗಂಟು ಇರುವುದು. ಹಿಂದಿನ ಮಾಲೀಕನ ಪತ್ರ ಕೇಳುವ ಮಾಲೀಕರು ತಾವು ಬಾಡಿಗೆದಾರರಿಗೆ ಯಾವ ಪತ್ರವನ್ನೂ ಕೊಡುವುದಿಲ್ಲ. ಚಾಳಿನಂತೆ ಸಾಲಾಗಿ ಕಟ್ಟಿದ ರೂಮುಗಳ ವ್ಯವಹಾರವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಒಂದು ಉದ್ದನೆಯ ಪುಸ್ತಕ, ಅದರಲ್ಲಿ ರೂಮ್ ನಂಬರ್, ಹೆಸರಿನ ಜಾಗದಲ್ಲಿ ‘ಗದಗವಾಲಾ’ ಎಂದೋ ‘ಸೆಂಟ್ರಿಂಗ್‌ವಾಲಾ’ ಎಂದೋ ಒಂದು ಗುರುತು, ಮುಂದೆ ತಿಂಗಳ ಮನೆಗಳು, ದುಡ್ಡು ಬಂದ ತಿಂಗಳಿಗೆ ಒಂದು ಸರಿ ಗುರುತು. ಗೋಡೆಗೆ ಬಡಿದ ಸಬ್ ಮೀಟರಿನ ಯೂನಿಟ್ಟೂ ಅದರಲ್ಲೇ. ಪುಸ್ತಕ ಮಾಲೀಕರ ಕಪಾಟಿನಲ್ಲಿರುತ್ತದೆ, ಬಾಡಿಗೆದಾರರ ಕೈಯಲ್ಲಿ ಏನೂ ಇರುವುದಿಲ್ಲ. ಐದು ವರ್ಷ ಒಂದು ದಿನವೂ ತಪ್ಪದೆ ಬಾಡಿಗೆ ಕೊಟ್ಟವರು ಆರನೇ ವರ್ಷ ಬೇರೆ ಮನೆ ಹುಡುಕಲು ಹೊರಟಾಗ ಮೊದಲ ದಿನ ಬಂದವರಷ್ಟೇ ಹೊಸಬರು. ಹಾಗಾಗಿ ‘ಮೊದಲ ಮನೆ’ಯ ತೊಂದರೆ ಮೊದಲ ಮನೆಗೆ ಮುಗಿಯುವುದಿಲ್ಲ, ಬಡವರ ಪಾಲಿಗೆ ಪ್ರತಿ ಮನೆಯೂ ಮೊದಲ ಮನೆಯೇ. ವಾಸ್ಕೊದ ಬೈನಾ ಕಡಲತೀರದಲ್ಲಿ 2004ರಲ್ಲಿ, ಮತ್ತೆ 2017ರಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದ ಕುಟುಂಬಗಳಲ್ಲಿ ಕನ್ನಡಿಗರು ಬಹಳ ಇದ್ದರು. ವಾಸ್ಕೊದಲ್ಲೇ ಹುಟ್ಟಿ ಬೆಳೆದವರು ಬಾಡಿಗೆ ಮನೆ ಕೇಳಲು ಹೋದಾಗ ಹಿಂದಿನ ಮಾಲೀಕ ಯಾರೆಂದು ಹೇಳಬೇಕಿತ್ತು?

ಸಂಬಳದ ನೌಕರಿಯಲ್ಲಿರುವವರ ಪಾಡು ಸ್ವಲ್ಪ ಮೇಲು, ಬಹಳವೇನಲ್ಲ. ವರ್ಷಕ್ಕೆ 1 ಲಕ್ಷ ರೂಪಾಯಿಗಿಂತ ಹೆಚ್ಚು ಬಾಡಿಗೆ ಕೊಡುವವರು ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳಬೇಕಾದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಅದನ್ನು ಕೇಳಿದ ಕೂಡಲೇ ಎಷ್ಟೋ ಮಾಲೀಕರ ಮುಖ ಬದಲಾಗುತ್ತದೆ. ನಗದು ಕೊಡಿ, ರಸೀದಿ ಬೇಡ ಎನ್ನುವುದಕ್ಕೆ ತೆರಿಗೆಯ ಭಯ ಒಂದು ಕಾರಣ. ಸಣ್ಣ ಮಾಲೀಕರ ಮಟ್ಟಿಗೆ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಬಾಡಿಗೆ ಆದಾಯದಲ್ಲಿ ಶೇ. 30ರಷ್ಟನ್ನು ದುರಸ್ತಿ, ನಿರ್ವಹಣೆಗೆಂದು ಕಾಯ್ದೆಯೇ ಬಿಟ್ಟುಕೊಡುತ್ತದೆ, ಮೇಲಾಗಿ 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದ ಮೇಲೆ ತೆರಿಗೆ ಬರುವುದಿಲ್ಲ. ನಾಲ್ಕು ರೂಮಿನ ಬಾಡಿಗೆಯಿಂದ ಸಂಸಾರ ತೂಗಿಸುವವರು ರಸೀದಿ ಕೊಟ್ಟರೆ ಸರ್ಕಾರ ಬಂದು ಕಿತ್ತುಕೊಳ್ಳುವುದು ಏನೂ ಇಲ್ಲ.

ಎರಡನೆಯ ಭಯ ಇನ್ನೂ ಆಳವಾದದ್ದು: ರಸೀದಿ ಕೊಟ್ಟರೆ ಬಾಡಿಗೆದಾರನಿಗೆ ಹಕ್ಕು ಹುಟ್ಟುತ್ತದೆ, ನಾಳೆ ಮನೆ ನನ್ನದೇ ಎನ್ನುತ್ತಾನೆ. ಗೋವಾದಲ್ಲಿ ಈ ಭಯಕ್ಕೆ ಚರಿತ್ರೆಯಿದೆ. 1968ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರನ್ನು ಸುಲಭವಾಗಿ ಎಬ್ಬಿಸದಂತೆ ತಡೆಯಿತು. 1975ರ ಮುಂಡಕಾರ ಕಾಯ್ದೆ ಭಾಟಕಾರರ, ಅಂದರೆ ಜಮೀನುದಾರರ, ನೆಲದಲ್ಲಿ ಮನೆ ಮಾಡಿಕೊಂಡಿದ್ದ ಮುಂಡಕಾರರಿಗೆ ನೆಲೆಯ ಹಕ್ಕು ಕೊಟ್ಟಿತು. ಅದು ದೊಡ್ಡ ಸಾಮಾಜಿಕ ನ್ಯಾಯ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಅದೇ ಕಾಯ್ದೆಯ ನೆನಪು ಮಾಲೀಕರ ಮನಸ್ಸಿನಲ್ಲಿ ‘ಕಾಗದ ಕೊಟ್ಟರೆ ಕೆಟ್ಟೆವು’ ಎಂಬ ನಂಬಿಕೆಯಾಗಿ ಕುಳಿತಿರುವುದೂ ಅಷ್ಟೇ ನಿಜ. ಕಾಯ್ದೆಯನ್ನು ಬಿಡಿಸಿ ಓದಿದರೆ ವಿಷಯ ತಿರುಗಾಮುರುಗಾ ಇದೆ. ಮನೆಯ ವಾಸಕ್ಕೆ ಭಾಟಕಾರರಿಗೆ ಬಾಡಿಗೆ ಕೊಡುವವರನ್ನು ಮುಂಡಕಾರರ ವ್ಯಾಖ್ಯೆಯಿಂದ ಆ ಕಾಯ್ದೆ ಹೊರಗಿಟ್ಟಿದೆ. ಅಂದರೆ ವಾಸ ಮಾಡುತ್ತಿರುವವರು ಬಾಡಿಗೆದಾರರೆಂದು ಸಾಬೀತುಪಡಿಸಲು ಮಾಲೀಕರಿಗೆ ಬೇಕಾಗುವ ಮುಖ್ಯ ಸಾಕ್ಷಿಯೇ ರಸೀದಿ. ಅವಧಿ ಬರೆದು ಸಹಿ ಮಾಡಿದ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಇದ್ದರೆ ಮನೆ ಯಾವತ್ತು ಬಿಡಬೇಕೆಂಬುದು ಇಬ್ಬರಿಗೂ ಗೊತ್ತಿರುತ್ತದೆ. ಬಾಯಿಮಾತಿನಲ್ಲಿ ಕೊಟ್ಟ ಮನೆಯಲ್ಲಿ ಯಾವ ತಾರೀಖೂ ಇಲ್ಲ, ಯಾವ ಷರತ್ತೂ ಇಲ್ಲ, ಜಗಳ ಕೋರ್ಟಿಗೆ ಹೋದರೆ ಇಬ್ಬರೂ ಪ್ರಮಾಣ ಮಾಡಿ ಎರಡು ಕತೆ ಹೇಳುತ್ತಾರೆ. ಒಂದು ವರ್ಷ ಮೀರಿದ ಭೋಗ್ಯ, ಗುತ್ತಿಗೆಗಳಿಗೆ 1908ರ ನೋಂದಣಿ ಕಾಯ್ದೆ ನೋಂದಣಿ ಕಡ್ಡಾಯ ಮಾಡಿರುವುದರಿಂದ ದೇಶದ ತುಂಬ 11 ತಿಂಗಳ ರೂಢಿ ಬಂದಿದೆ. ಆ ರೂಢಿಯನ್ನು ಟೀಕಿಸಬಹುದು, ಆದರೂ ಅಷ್ಟಾದರೂ ಕಾಗದ ಆಗುವುದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಲೇಸು.

ಮೂರನೆಯ ಭಯಕ್ಕೆ ನನ್ನ ಬಳಿಯೂ ಸಲೀಸಾದ ಉತ್ತರವಿಲ್ಲ. ಜುವಾರಿನಗರದಂಥ ವಸತಿಗಳು ಬಹುಪಾಲು ಬೆಳೆದದ್ದು ಕೊಮುನಿದಾದ್ ಜಮೀನಿನಲ್ಲಿ, ಅಂದರೆ ಪೋರ್ಚುಗೀಸರಿಗೂ ಹಿಂದಿನ ಗ್ರಾಮಸಂಸ್ಥೆಗಳ ಸಾಮೂಹಿಕ ಆಸ್ತಿಯಲ್ಲಿ. ಅಲ್ಲಿ ರೂಮು ಕಟ್ಟಿ ಬಾಡಿಗೆಗೆ ಕೊಟ್ಟವರಲ್ಲಿ ಎಷ್ಟೋ ಜನ ಒಂದು ತಲೆಮಾರು ಮುಂಚೆ ಇದೇ ಘಟ್ಟ ಇಳಿದು ಬಂದ ಕನ್ನಡಿಗರೇ. ತಮ್ಮ ಮನೆಗೇ ಸರಿಯಾದ ಪಟ್ಟೆಯಿಲ್ಲದವರು ಬಾಡಿಗೆದಾರರಿಗೆ ಸಹಿ ಹಾಕಿ ಏನು ಬರೆದುಕೊಟ್ಟಾರು? ಅನಧಿಕೃತ ಕಟ್ಟಡಗಳ ಬಗ್ಗೆ ಗೋವಾದ ಹೈಕೋರ್ಟ್ ಪೀಠ 2025ರಲ್ಲಿ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಅದೇ ವರ್ಷ ರಾಜ್ಯ ಸರ್ಕಾರ ಕೊಮುನಿದಾದ್ ಜಮೀನಿನ ಹಳೆಯ ಮನೆಗಳನ್ನು ಷರತ್ತಿನ ಮೇಲೆ ಸಕ್ರಮಗೊಳಿಸಲು ಕಾಯ್ದೆ ತಿದ್ದಿತು. ಹಳ್ಳಿಯ ಸಾಮೂಹಿಕ ಜಮೀನು ಹೀಗೆ ಕೈಬಿಟ್ಟು ಹೋಗುತ್ತಿರುವುದರ ಬಗ್ಗೆ ಗೋವಾದವರಿಗಿರುವ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದನ್ನು ಬೇರ್ಪಡಿಸಿ ನೋಡಬೇಕು. ಜಮೀನು ಯಾರದೆಂಬ ತಕರಾರು ಸರ್ಕಾರ, ಕೊಮುನಿದಾದ್ ಮತ್ತು ಕಟ್ಟಿದವರ ನಡುವಿನದು. ಬಾಡಿಗೆದಾರರು ಅಲ್ಲಿ ಹಕ್ಕು ಕೇಳುತ್ತಿಲ್ಲ, ತಾವು ತಿಂಗಳಿಗೆ ಇಷ್ಟು ಹಣ ಕೊಟ್ಟೆವೆಂದು ಬರೆದುಕೊಡಿ ಎನ್ನುತ್ತಿದ್ದಾರೆ. ರಸೀದಿಯಿಂದ ಕಟ್ಟಡ ಸಕ್ರಮವೂ ಆಗುವುದಿಲ್ಲ, ಅಕ್ರಮವೂ ಆಗುವುದಿಲ್ಲ ಎಂದು ಸರ್ಕಾರವೇ ಸ್ಪಷ್ಟಪಡಿಸಿದರೆ ಈ ಭಯದ ಅರ್ಧವಾದರೂ ಇಳಿಯುತ್ತದೆ.

ಪೊಲೀಸ್ ಪರಿಶೀಲನೆ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಗೋವಾದಲ್ಲಿ ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಬೇಕೆಂಬ ಒತ್ತಾಯ ಕೆಲವು ವರ್ಷಗಳಿಂದ ಬಿಗಿಯಾಗಿದೆ. ಅರ್ಜಿಯಲ್ಲಿ ಫೋಟೊ, ಗುರುತಿನ ಚೀಟಿ, ಕಾಯಂ ವಿಳಾಸ ಎಲ್ಲವೂ ಇರುತ್ತವೆ. ಪರಿಶೀಲನೆಗೆ ನನ್ನ ವಿರೋಧವಿಲ್ಲ. ಮನೆಯೊಳಗೆ ಬರುವವರು ಯಾರೆಂದು ತಿಳಿಯುವ ಹಕ್ಕು ಮಾಲೀಕರಿಗಿದೆ, ಅಪರಾಧ ನಡೆದಾಗ ಹುಡುಕುವ ಹೊಣೆ ಪೊಲೀಸರಿಗಿದೆ. ನನ್ನ ಆಕ್ಷೇಪ ಬೇರೆ. ಈ ಇಡೀ ಕಸರತ್ತಿನಲ್ಲಿ ಬಾಡಿಗೆದಾರರು ಬರೀ ಪರೀಕ್ಷೆಗೊಳಗಾಗುವ ವಸ್ತು, ಅವರಿಗೆ ಅದರಿಂದ ಸಿಗುವುದು ಏನೂ ಇಲ್ಲ. ಠಾಣೆಯ ಮೊಹರು ಬಿದ್ದ ಒಂದು ಪ್ರತಿಯನ್ನು ಬಾಡಿಗೆದಾರರ ಕೈಗೂ ಕೊಡಬೇಕೆಂದು ನಿಯಮ ಮಾಡಿದರೆ ಅದೇ ಅವರ ಮೊದಲ ಕಾಗದವಾಗುತ್ತದೆ. ಇಂಥ ಮನುಷ್ಯ, ಇಂಥ ಊರಿನವನು, ಇಂಥ ತಾರೀಖಿನಿಂದ ಇಂಥ ಮನೆಯಲ್ಲಿದ್ದಾನೆ ಎಂಬ ವಿವರಕ್ಕೆ ಯಾವ ಮೇಸ್ತ್ರಿಯ ಜಾಮೀನೂ ಸಾಟಿಯಾಗದು. ಸರ್ಕಾರಕ್ಕೆ ಬಡವರ ಮಾತನ್ನು ನಂಬಿ ಗೊತ್ತಿಲ್ಲವೆಂದೂ ಅಲ್ಲ. 2021ರ ಆಗಸ್ಟಿನಲ್ಲಿ ಶುರುವಾದ ಉಜ್ವಲಾ ಯೋಜನೆಯ ಎರಡನೇ ಹಂತದಲ್ಲಿ ವಲಸೆ ಬಂದ ಕುಟುಂಬಗಳು ವಿಳಾಸಕ್ಕೆ ಸ್ವಯಂ ಘೋಷಣೆ ಬರೆದುಕೊಟ್ಟರೆ ಸಾಕು, ಗ್ಯಾಸ್ ಸಂಪರ್ಕ ಕೊಡಬಹುದೆಂದು ಕೇಂದ್ರವೇ ಒಪ್ಪಿಕೊಂಡಿತು.

ಕಾಗದ ಇದ್ದರೆ ಸಾಲದು, ಬಾಡಿಗೆ ಕೊಡದೆ ಕುಳಿತರೆ ಎಬ್ಬಿಸುವವರು ಯಾರು ಎಂಬುದು ಮಾಲೀಕರ ಗಟ್ಟಿಯಾದ ಆಕ್ಷೇಪ. ಸಿವಿಲ್ ಕೋರ್ಟಿನ ವರ್ಷಗಳನ್ನು ಕಂಡವರು ಹೀಗೆ ಕೇಳುವುದು ತಪ್ಪಲ್ಲ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಲಿಖಿತ ಕರಾರು ಕಡ್ಡಾಯ, ವಾಸದ ಮನೆಗೆ ಡಿಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿಲ್ಲ, ವ್ಯಾಜ್ಯಕ್ಕೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ ಮತ್ತು 60 ದಿನದ ಗಡುವು, ಅವಧಿ ಮುಗಿದರೂ ಬಿಡದವರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಇದು ಮಾದರಿ ಮಾತ್ರ, ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡರಷ್ಟೇ ಬಲ ಬರುತ್ತದೆ. ಬಾಡಿಗೆದಾರರಿಗೂ ಮಾಲೀಕರಿಗೂ ಒಂದೇ ಕಾಯ್ದೆಯಲ್ಲಿ ಭರವಸೆ ಕೊಡುವ ಈ ಚೌಕಟ್ಟು ಗೋವಾಕ್ಕೂ ಕರ್ನಾಟಕಕ್ಕೂ ಬೇಕು. ಭರವಸೆಯನ್ನು ದೊಡ್ಡ ಡಿಪಾಸಿಟ್ಟಿನಿಂದಲೇ ಕೊಂಡುಕೊಳ್ಳುತ್ತೇವೆ ಎನ್ನುವ ದಾರಿ ಬೆಂಗಳೂರಿನದು, ಅಲ್ಲಿ ಹತ್ತು ತಿಂಗಳ ಮುಂಗಡ ಬಹಳ ಕಾಲ ಮಾಮೂಲಾಗಿತ್ತು. ತಿಂಗಳಿಗೆ 12 ಸಾವಿರದ ಮನೆಗೆ 1.2 ಲಕ್ಷ ಎಣಿಸಬಲ್ಲವರಿಗೆ ಪರಿಚಯ ಬೇಕಾಗುವುದಿಲ್ಲ ನಿಜ. ಮೊದಲ ಸಂಬಳವನ್ನೇ ಇನ್ನೂ ಕಾಣದವರು ಅಷ್ಟನ್ನು ಬಡ್ಡಿಗೆ ತಂದು ಕೊಡುತ್ತಾರೆ, ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಲ್ಲಿ ಅದರಲ್ಲೊಂದು ಪಾಲು ಹೋಗುತ್ತದೆ.

ದೊಡ್ಡ ಮುಂಗಡವೂ ಇಲ್ಲದೆ, ಮೇಸ್ತ್ರಿಯ ಜಾಮೀನೂ ಇಲ್ಲದೆ ಮೊದಲ ಎರಡು ಮೂರು ತಿಂಗಳ ಗಂಡಾಂತರವನ್ನು ಯಾರು ಹೊರಬೇಕು? ಫ್ರಾನ್ಸ್ ಇದಕ್ಕೊಂದು ದಾರಿ ಮಾಡಿಕೊಂಡಿದೆ. 2016ರಲ್ಲಿ ಅಲ್ಲಿ ಶುರುವಾದ ವಿಸಾಲ್ ಎಂಬ ಯೋಜನೆಯಲ್ಲಿ, ಉದ್ಯೋಗದಾತರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸೇರಿ ನಡೆಸುವ ಆಕ್ಸಿಯೋಂ ಲೊಜ್ಮಾಂ ಸಂಸ್ಥೆ ಯುವಜನರ ಬಾಡಿಗೆಗೆ ತಾನೇ ಜಾಮೀನು ನಿಲ್ಲುತ್ತದೆ. ಬಾಡಿಗೆದಾರರು ಅದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ಅವರು ಬಾಡಿಗೆ ಕೊಡದಿದ್ದರೆ ಸಂಸ್ಥೆ ಮಾಲೀಕರಿಗೆ ಕೊಟ್ಟು ಆಮೇಲೆ ಬಾಡಿಗೆದಾರರಿಂದ ಕಂತಿನಲ್ಲಿ ವಸೂಲು ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಇದಕ್ಕೆ ಹಣ ಎಲ್ಲಿದೆ ಎಂದು ಕೇಳುವ ಮೊದಲು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳನ್ನು ನೋಡಬೇಕು. 1996ರ ಕಾಯ್ದೆಗಳ ಪ್ರಕಾರ ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಈ ಮಂಡಳಿಗಳಿಗೆ ಬರುತ್ತ ಬಂದಿದೆ. ಹೀಗೆ ಸೇರಿದ ಸಾವಿರಾರು ಕೋಟಿ ರೂಪಾಯಿ ಕಾರ್ಮಿಕರನ್ನು ತಲುಪದೆ ಉಳಿದಿರುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಎತ್ತಿ ತೋರಿಸಿತ್ತು. ಮಂಡಳಿಯಲ್ಲಿ ನೋಂದಾಯಿಸಿದ ಕಾರ್ಮಿಕರಿಗೆ ಎರಡು ತಿಂಗಳ ಬಾಡಿಗೆಯ ಮಟ್ಟಿಗೆ ಮಂಡಳಿ ಜಾಮೀನು ನಿಂತರೆ ಖರ್ಚಾಗುವುದು ಬಾಡಿಗೆ ತಪ್ಪಿದವರ ಲೆಕ್ಕದಷ್ಟೇ. ಜಾಮೀನಿಗೆ ಲಿಖಿತ ಕರಾರು ಮತ್ತು ರಸೀದಿ ಷರತ್ತಾದರೆ ಮಾಲೀಕರು ತಾವಾಗಿಯೇ ಕಾಗದ ಮಾಡುತ್ತಾರೆ, ಏಕೆಂದರೆ ಅದರಿಂದ ಅವರ ದುಡ್ಡು ಭದ್ರ. ಕಾರ್ಖಾನೆಗಳ ವಿಷಯದಲ್ಲಿ ಈ ಕೆಲಸವನ್ನು ಕಂಪನಿಗಳೇ ಮಾಡಬಹುದು. ವೆರ್ಣಾದಲ್ಲಿ ಟ್ರೈನಿಯಾಗಿ ಸೇರಿಸಿಕೊಂಡವರಿಗೆ ಸಂಬಳದ ವಿವರ ಬರೆದ ಒಂದು ಪತ್ರ ಕೊಡಲು ಯಾವ ಬಂಡವಾಳ ಬೇಕು?

ಗೋವಾದವರೇ ಬಾಡಿಗೆ ಮನೆ ಸಿಗದೆ ಒದ್ದಾಡುತ್ತಿರುವಾಗ ಹೊರಗಿನವರ ಅನುಕೂಲದ ಮಾತೇಕೆ ಎಂಬ ಸಿಟ್ಟನ್ನೂ ಕೇಳಿಸಿಕೊಳ್ಳಬೇಕು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೆಚ್ಚು ಹುಟ್ಟುವಾಗ ವರ್ಷದ ಬಾಡಿಗೆಗೆ ಕೊಡುವವರು ಕಡಿಮೆ. ರಜೆಗೆ ಬರುವ ಶ್ರೀಮಂತರ ಎರಡನೇ ಮನೆಗಳಿಗೂ, ವಿದೇಶದಲ್ಲಿರುವವರ ಹಿರಿಯರ ಮನೆಗಳಿಗೂ ಬೀಗ ಬಿದ್ದಿರುತ್ತದೆ. 2011ರ ಜನಗಣತಿಯಲ್ಲಿ ಗೋವಾದ ಸುಮಾರು ಐದರಲ್ಲಿ ಒಂದು ಮನೆ ಖಾಲಿಯಿತ್ತು, ದೇಶದ ನಗರಗಳಲ್ಲಿ ಒಟ್ಟು 1.1 ಕೋಟಿಯಷ್ಟು. ಮನೆಗಳಿದ್ದೂ ಬಾಗಿಲು ತೆರೆಯದಿರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಇದೇ ಅಪನಂಬಿಕೆ. ಬೀಗ ಹಾಕಿಟ್ಟರೆ ಗೆದ್ದಲು ಹಿಡಿದೀತು, ಆದರೂ ಕೊಟ್ಟು ಕಳೆದುಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಮಾಲೀಕರು ಲೆಕ್ಕ ಹಾಕುತ್ತಾರೆ. ಕರಾರು, ರಸೀದಿ, ಬೇಗ ತೀರುವ ವ್ಯಾಜ್ಯ ಇವು ಬಂದರೆ ಆ ಬಾಗಿಲುಗಳು ತೆರೆಯುವುದು ಮಡಗಾಂವಿನಿಂದ ಪಣಜಿಗೆ ಕೆಲಸಕ್ಕೆ ಹೋಗುವ ಗೋವಾದ ಯುವಕರಿಗೂ ಹೌದು. ಇನ್ನು ಹೊರಗಿನವರೆಂಬ ಮಾತು. ಇವತ್ತು ಪ್ರಿಯೋಳದಲ್ಲಿರುವ ಮಂಗೇಶ ದೇವರ ಮೂಲಸ್ಥಾನ ಇದೇ ಕೊರ್ತಾಲಿಮ್, ಹಳೆಯ ಹೆಸರಿನ ಕುಶಸ್ಥಲಿ. ಪೋರ್ಚುಗೀಸರ ಕಾಟಕ್ಕೆ 1560ರಲ್ಲಿ ದೇವರನ್ನು ಜುವಾರಿ ದಾಟಿಸಿದರು. ಆ ಶತಮಾನದಲ್ಲಿ ಗೋವಾ ಬಿಟ್ಟ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ನಡೆದು ಅಂಕೋಲಾ, ಕುಮಟಾ, ಭಟ್ಕಳ, ಮಂಗಳೂರಿನ ಕಡೆ ನೆಲೆ ಕಂಡವು. ಗುರುತಿಲ್ಲದ ಊರಿನಲ್ಲಿ ಮೊದಲ ಸೂರು ಸಿಕ್ಕಿದ್ದರಿಂದಲೇ ಕನ್ನಡ ಕರಾವಳಿಯ ವ್ಯಾಪಾರ, ಬ್ಯಾಂಕು, ವಿದ್ಯೆಗಳಲ್ಲಿ ಅವರ ಪಾಲು ಇಷ್ಟು ದೊಡ್ಡದಾಯಿತು.

ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬಾಡಿಗೆದಾರರ ಪೂರ್ಣ ಹೆಸರು, ರೂಮಿನ ಗುರುತು, ಯಾವ ತಿಂಗಳ ಬಾಡಿಗೆ, ಎಷ್ಟು ಹಣ, ತಾರೀಖು, ಸಹಿ. ರಸೀದಿಗೆ ಇಷ್ಟೇ ಬೇಕು. ಇದನ್ನು ಕೊಂಕಣಿ ಮತ್ತು ಕನ್ನಡದಲ್ಲಿ ಅಚ್ಚು ಹಾಕಿಸಿ ನೂರು ಹಾಳೆಯ ಪುಸ್ತಕ ಮಾಡಿ ಪಂಚಾಯಿತಿ ಕಚೇರಿಯಲ್ಲಿ ಇಟ್ಟರೆ ಮನೆ ತೆರಿಗೆ ಕಟ್ಟಲು ಬರುವ ಮಾಲೀಕರು ಒಯ್ಯಬಹುದು. ವಾಸ್ಕೊ, ಜುವಾರಿನಗರದ ಕನ್ನಡ ಸಂಘಟನೆಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರೂ ಆದೀತು, ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಕರಾರು ಓದಿ ಹೇಳುವ ಕೆಲಸವನ್ನೂ ಆ ಸಂಘಟನೆಗಳೇ ಮಾಡಬೇಕು. ಫೋನಿನಲ್ಲಿ ಹಣ ಕಳಿಸುವವರು ‘ಜೂನ್ ತಿಂಗಳ ಬಾಡಿಗೆ, ರೂಮ್ 4’ ಎಂದು ಬರೆದು ಕಳಿಸಿದರೆ ಬ್ಯಾಂಕಿನ ಖಾತೆಯಲ್ಲೇ ದಾಖಲೆ ಉಳಿಯುತ್ತದೆ, ಅದನ್ನು ತೋರಿಸಿದವರಿಗೆ ಹಿಂದಿನ ಮಾಲೀಕರ ನಂಬರ್ ಕೇಳುವ ಅಗತ್ಯವೇ ಇಲ್ಲ. ನಗದು ತೆಗೆದುಕೊಳ್ಳುವ ಮಾಲೀಕರು ತಮ್ಮ ಕಪಾಟಿನ ಪುಸ್ತಕದ ಆ ಪುಟದ ಫೋಟೊ ತೆಗೆದು ಸಹಿ ಮಾಡಿ ಕಳಿಸಲಿ. ಹನ್ನೆರಡು ತಿಂಗಳು ಹೀಗೆ ನಡೆದರೆ, ಯಾರ ಪರಿಚಯವೂ ಇಲ್ಲದೆ ಬಂದ ಕುಟುಂಬವೊಂದು ಎರಡನೆಯ ಮನೆಯ ಬಾಗಿಲಿಗೆ ಹನ್ನೆರಡು ರಸೀದಿಗಳನ್ನು ಹಿಡಿದುಕೊಂಡು ಹೋಗುತ್ತದೆ.